ಬೀನ್ಸ್ ಹೊಲದ ತೇವಮಾಪಕರಿಗೆ ಬಿನ್ನಹ

ಮಾನ್ಯ ತೇವಮಾಪಕರೇ,

ಒಂಟಿ ಕಾಲಿನ ಮೇಲೆ ನಿಂತು, ಆ ಕಾಲನ್ನೂ ಮಣ್ಣಿನೊಳಗೆ ಹೂತುಕೊಂಡು, ಹಗಲಿಡೀ ಹಸಿರು ಕಣ್ಣು ಮಿಟುಕಿಸುತ್ತಿರುವ ತಮ್ಮ ಸನ್ನಿಧಿಗೆ, ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿರುವ ಬಡಪಾಯಿಯ ನಮಸ್ಕಾರಗಳು. ತಾವು ಕ್ಷೇಮವೆಂಬುದು ನೋಡಿದರೇ ತಿಳಿಯುತ್ತದೆ, ಕ್ಷೇಮವಿಲ್ಲದ್ದು ಬೀನ್ಸ್.

ಮಳೆ ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟು ಕೆಲವು ವರ್ಷಗಳಾದ್ದರಿಂದ, ಕಾಲುವೆಯ ನೀರನ್ನು ಇನ್ನು ಮುಂದೆ ಅಳೆದೂ ತೂಗಿ ಬಿಡಬೇಕೆಂದು ನೀರಾವರಿ ಕಚೇರಿಯವರು ತೀರ್ಮಾನಿಸಿ, ನಲವತ್ತು ಹೊಲಗಳ ಪರವಾಗಿ ಮಾತಾಡಲು ತಮ್ಮೊಬ್ಬರನ್ನೇ ನಮ್ಮ ಹೊಲದಲ್ಲಿ ಪ್ರತಿಷ್ಠಾಪಿಸಿದ್ದು ತಮಗೆ ನೆನಪಿರಬಹುದು. ಮಣ್ಣು ಒಣಗಿದೆ ಎಂದು ತಾವು ಸುದ್ದಿ ಕಳಿಸಿದರೆ ತೂಬು ತಾನಾಗಿ ತೆರೆಯುತ್ತದೆ. ಒದ್ದೆಯಿದೆ ಎಂದರೆ ಮುಚ್ಚಿಯೇ ಇರುತ್ತದೆ. ಹದಿನೆಂಟು ದಿನಗಳಿಂದ ತಾವು ‘ಒದ್ದೆ, ಒದ್ದೆ’ ಎನ್ನುತ್ತಲೇ ಇದ್ದೀರಿ. ಇತ್ತ ನೆಲ ಬಿರಿದು ನನ್ನ ಹೆಬ್ಬೆರಳು ಸಲೀಸಾಗಿ ಒಳಗೆ ಹೋಗುತ್ತಿದೆ, ಹೂವು ಉದುರುತ್ತಿದೆ, ಈ ವಾರ ನೀರು ಸಿಗದಿದ್ದರೆ ಕಾಯಿಯ ಮಾತೇ ಇಲ್ಲ. ‘ಬಳ್ಳಿಗೆ ಬಾಯಾರಿಕೆ, ಯಂತ್ರಕ್ಕೆ ತೂಕಡಿಕೆ’ ಎಂದು ಪ್ರಾಸ ಕಟ್ಟಿ ಕಚೇರಿಗೆ ಅರ್ಜಿ ಬರೆದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಗದ್ಯದಲ್ಲಿ ಉತ್ತರ ಬಂತು.

ಅವರ ಮಾತು ನಿಜವೇ. ಮೊನ್ನೆ ಬೆಳಗ್ಗೆ ನಮ್ಮಮ್ಮ ತುಂಬಿದ ಚೊಂಬು ಹಿಡಿದು ತಮ್ಮ ಬುಡಕ್ಕೆ ನೀರೆರೆಯುತ್ತಿದ್ದುದನ್ನು ಕಂಡೆ. ವಿಚಾರಿಸಲಾಗಿ, ತಾವು ಬಂದ ದಿನದಿಂದಲೂ ಬೆಳಗ್ಗೆ ಒಂದು, ಸಂಜೆ ಒಂದು ಎಂದು ಈ ಸೇವೆ ತಪ್ಪದೆ ನಡೆದಿದೆಯಂತೆ. ಹೊಲಕ್ಕೆಲ್ಲ ಹಾಕುವಷ್ಟು ನೀರು ಮನೆಯಲ್ಲಿಲ್ಲ, ಒಬ್ಬರಿಗಾಗುವಷ್ಟು ಇದೆಯಂತೆ. “ಬಾಯಿಲ್ಲದ್ದು ಕಣೋ, ಬಿಸಿಲಲ್ಲಿ ನಿಂತು ನಮಗೋಸ್ಕರ ದುಡೀತಿದೆ. ಒಂದು ಚೊಂಬು ನೀರು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದರು. ನಲವತ್ತೈದು ವರ್ಷಗಳಲ್ಲಿ ನನ್ನ ದುಡಿಮೆಗೆ ಇಂಥ ಸರ್ಟಿಫಿಕೇಟು ಸಿಕ್ಕಿದ್ದಿಲ್ಲ.

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಯಂತ್ರಗಳಿಗೂ ಅನ್ವಯಿಸುವುದಾದರೆ, ತಾವು ದಯಮಾಡಿ ನಾಲ್ಕು ಹೆಜ್ಜೆ ನಡೆದು ಒಮ್ಮೆ ಬಳ್ಳಿಯ ನಾಡಿ ಹಿಡಿದು ನೋಡಬೇಕು. ನಡೆಯುವುದು ಪದ್ಧತಿಯಲ್ಲಿಲ್ಲವಾದರೆ, ಅಮ್ಮ ಬಂದಾಗ ಹೊಟ್ಟೆ ಕೆಟ್ಟಿದೆ ಎಂದಾದರೂ ಹೇಳಿ ಚೊಂಬನ್ನು ವಾಪಸು ಕಳಿಸಬೇಕು. ನನ್ನ ಮಾತನ್ನು ಅವರು ಎಂದೂ ಕೇಳಿದವರಲ್ಲ, ತಮ್ಮದಾದರೆ ಕೇಳಿಯಾರು.

ಬಾಡಿದರೂ ಬಾಗಿರುವ,
ತಮ್ಮ ವಿಶ್ವಾಸಿ,
ಬೀನ್ಸ್ ಬೆಳೆಗಾರ

ಅಂಚೆಗೆ ಹಾಕುವ ಮುನ್ನ ಇನ್ನೊಂದು ಮಾತು: ಅಮ್ಮ ಎರಡು ದಿನದ ಮಟ್ಟಿಗೆ ಅಕ್ಕನ ಮನೆಗೆ ಹೋದರು. ತಾವು ಮೊದಲ ಬಾರಿಗೆ ‘ಒಣ’ ಎಂದಿರಿ, ತೂಬು ತೆರೆಯಿತು, ಅರ್ಧ ಹೊಲಕ್ಕೆ ನೀರು ಹರಿಯಿತು. ಅಷ್ಟರಲ್ಲಿ ಕಚೇರಿಯಿಂದ ಫೋನು: ಇಷ್ಟು ದಿನ ಸರಿಯಾಗಿದ್ದ ಯಂತ್ರ ಇದ್ದಕ್ಕಿದ್ದಂತೆ ಏನೇನೋ ಹೇಳುತ್ತಿದೆ, ಕೆಟ್ಟಿರಬೇಕು, ರಿಪೇರಿಯವರು ಬರುವ ತನಕ ತೂಬು ಮುಚ್ಚಿದ್ದೇವೆ ಎಂದು. ಉಳಿದರ್ಧ ಹೊಲದ ಹೂವುಗಳು ಈಗ ಅವರ ದಾರಿ ಕಾಯುತ್ತಿವೆ. ಅವರು ಬಂದು ತಮ್ಮನ್ನು ಬಿಚ್ಚಿ ನೋಡುವಾಗ, ಕೈಮುಗಿದು ಕೇಳಿಕೊಳ್ಳುತ್ತೇನೆ, ಹೀಗೆಯೇ ಕೆಟ್ಟಿದ್ದುಬಿಡಿ.