ಒಂದನೇ ಇಯತ್ತೆಯ ಅತ್ತಿ

ನಮ್ಮೂರ ಸಾಲಿಯ ಬಗ್ಗೆ ನಮ್ಮ ಅತ್ತಿ ತಿಳಿದಿದ್ದಷ್ಟು ಆ ಸಾಲಿಯ ಮಾಸ್ತರರಿಗೂ ಗೊತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಾಗಾದರೆ ಆಕೆ ಎಷ್ಟು ಓದಿದ್ದಳು ಅನ್ನುತ್ತೀರಾ? ಒಂದಕ್ಷರವೂ ಇಲ್ಲ! ಸಹಿ ಮಾಡಬೇಕಾದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಅದನ್ನೂ ಎಂಥ ಗತ್ತಿನಿಂದ ಒತ್ತುತ್ತಿದ್ದಳೆಂದರೆ, ಸಹಿ ಮಾಡುವವರೇ ನಾಚಿಕೊಳ್ಳಬೇಕು. ಆದರೆ ಒಂದನೇ ಇಯತ್ತೆಯಲ್ಲಿ ಯಾರು ಯಾರ ಪಕ್ಕ ಕೂಡುತ್ತಾರೆ, ಯಾರ ಪಾಟಿಯ ಮೂಲೆ ಒಡೆದಿದೆ, ಯಾರು ಎಂಜಲು ಹಚ್ಚಿ ಪಾಟಿ ಒರೆಸುತ್ತಾರೆ, ಮಗ್ಗಿ ಹೇಳುವಾಗ ಯಾರು ಬರೀ ತುಟಿ ಅಲ್ಲಾಡಿಸುತ್ತಾರೆ, ಇದನ್ನೆಲ್ಲ ತಿಳಿಯಬೇಕಾದರೆ ಆಕೆಯ ಹತ್ತಿರವೇ ಬರಬೇಕು.

ಎಪ್ಪತ್ತರ ದಶಕದ ಮಾತು. ಮುದ್ದೇಬಿಹಾಳ ತಾಲೂಕಿನಲ್ಲಿ, ತಾಳಿಕೋಟೆಯ ಸಮೀಪದ ಹಳ್ಳಿ ನಮ್ಮದು. ಅತ್ತಿ ನನ್ನ ಅಪ್ಪನ ತಂಗಿ. ಸಾಲೋಟಗಿಯ ಕಡೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಜೊತೆಗೇ ಇದ್ದಳು. ಮಕ್ಕಳಿರಲಿಲ್ಲ. ರೊಟ್ಟಿ ಬಡಿಯುವುದರಲ್ಲಿ ಆಕೆಗೆ ಊರಲ್ಲಿ ಸರಿಸಾಟಿ ಇರಲಿಲ್ಲ. ಮಾತಿನಲ್ಲಿ? ಆ ಕಡೆ ಯಾರೂ ಸ್ಪರ್ಧೆಗೇ ಇಳಿಯುತ್ತಿರಲಿಲ್ಲ!

ನಾನು ಸಾಲಿ ಬಿಟ್ಟು ಬರುವ ಹೊತ್ತಿಗೆ ಅತ್ತಿ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಕೇರುತ್ತ ಕುಳಿತಿರುತ್ತಿದ್ದಳು. ನನ್ನನ್ನು ಕಂಡಕೂಡಲೇ ಮೊರ ಪಕ್ಕಕ್ಕೆ. ಉಡಿಯಿಂದ ಒಂದು ಹಿಡಿ ಹುರಿದ ಶೇಂಗಾ ನನ್ನ ಕೈಗೆ.

“ಬಾ ನನ್ನವ್ವಾ, ಕೂಡು. ಇವತ್ತ ಸಾಲ್ಯಾಗ ಏನಾತು?”

“ಅ ಆ ಇ ಈ ಬರಸಿದ್ರು.”

“ಅದನ್ನ ಯಾರು ಕೇಳ್ಯಾರ? ಅ ಆ ಎಲ್ಲಿಗಿ ಹೋಗ್ತಾವ, ನಾಳಿಗೂ ಅಲ್ಲೇ ಇರತಾವ. ಆ ನೀಲವ್ವ ನಿನ್ನೆ ಅಳಾಕತ್ತಿದ್ಳಲ್ಲ, ಇವತ್ತರ ನಕ್ಕಳೇನು?”

ನೀಲವ್ವ ನನ್ನ ಪಕ್ಕ ಕೂಡುತ್ತಿದ್ದ ಹುಡುಗಿ. ದಿನಾ ಏನಾದರೊಂದು ಕಳೆದುಕೊಂಡು ಅಳುವುದು ಅವಳ ಕೆಲಸ. ಒಮ್ಮೆ ಬಳಪ, ಒಮ್ಮೆ ಜಡೆಯ ರಿಬ್ಬನ್, ಒಮ್ಮೆ ಅಲುಗಾಡುತ್ತಿದ್ದ ತನ್ನದೇ ಹಲ್ಲು! ಆ ಹಲ್ಲು ಎಲ್ಲಿ ಸಿಕ್ಕಿತೆಂದು ಹೇಳಿ ಮುಗಿಸುವ ತನಕ ಅತ್ತಿ ನನ್ನನ್ನು ಊಟಕ್ಕೆ ಏಳಗೊಡಲಿಲ್ಲ.

ಗುಡಿಯಲ್ಲಿ ಪುರಾಣ ಹಚ್ಚಿದಾಗ ಊರಿನ ಹೆಂಗಸರೆಲ್ಲ ಕಣ್ಣೀರು ಹಾಕುತ್ತ ಕೇಳಿದರೆ ಅತ್ತಿ ಕಂಬಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದಳು. ಅವ್ವ ಗದರಿದಳು, “ಏನವಾ ತಂಗಿ, ದೇವರ ಕಥಿ ಕೇಳಾಕ ಬ್ಯಾಸರೇನು?”

“ಹೌದ ನೋಡ್ ವೈನಿ. ಕಡೀಕ ದೇವರು ರಾಕ್ಷಸನ್ನ ಹೊಡದ ಹೊಡೀತಾನ, ಅದು ಎಲ್ಲಾರಿಗೂ ಗೊತ್ತೈತಿ. ನೀಲವ್ವನ ಬಳಪ ಸಿಗತೈತೋ ಇಲ್ಲೋ, ಯಾರಿಗರ ಗೊತ್ತೈತೇನು?”

ಅವ್ವ ಸೆರಗು ಮುಂದೆಳೆದುಕೊಂಡು ಪುರಾಣದ ಕಡೆ ತಿರುಗಿದಳು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಒಂದು ದಿನ ನಾನು ಆಟಕ್ಕೆ ಓಡುವ ಅವಸರದಲ್ಲಿ “ಇವತ್ತ ಏನೂ ಆಗಲಿಲ್ಲ” ಅಂದುಬಿಟ್ಟೆ. ಅತ್ತಿಯ ಮುಖ ನೋಡಬೇಕಿತ್ತು! ಬಾಗಿಲಿಗೆ ಬಂದ ಬೀಗರನ್ನು ನೀರೂ ಕೊಡದೆ ಹೊರಗೆ ಕಳಿಸಿದ ಹಾಗೆ.

“ಅಷ್ಟು ಹುಡುಗೂರು ಒಂದ ಕೋಣ್ಯಾಗ ಕುಂತು ಏನೂ ಆಗಲಿಲ್ಲಂದ್ರ ಹ್ಯಾಂಗ? ಎಲ್ಲಾರೂ ಉಸಿರು ಹಿಡಕೊಂಡು ಕುಂತಿದ್ದರೇನು?”

ಬಿಡಿಸಿಕೊಳ್ಳಲು ಒಂದು ಸುದ್ದಿ ಹುಟ್ಟಿಸಿದೆ. “ಅತ್ತೀ, ಸಾಲ್ಯಾಗ ಹಾವು ಬಂದಿತ್ತು! ಇಷ್ಟುದ್ದ!”

“ಹೌದಾ? ಮಾಸ್ತರ್ರು ಏನ ಮಾಡಿದ್ರು?”

“ಹೊಡದ್ರು.”

“ಯಾತರಲೆ?”

“ಛಡೀಲೆ.”

“ಆ ಛಡಿ ಮೊನ್ನೆ ಮುರೀತಂದಿದ್ದಿ. ಹೊಸಾದು ಯಾರು ತಂದಕೊಟ್ರು?”

ನಾನು ಶೇಂಗಾ ಅಗಿಯುವುದನ್ನು ನಿಲ್ಲಿಸಿದೆ. ಅತ್ತಿ ನನ್ನ ಗಲ್ಲ ಹಿಂಡಿ ನಕ್ಕಳು. “ಖೋಡಿ, ಹಾವು ಹುಲಿ ನನಗ್ಯಾಕ? ಇದ್ದದ್ದ ಹೇಳು. ಇದ್ದದ್ದರಾಗ ಏನ ಕಮ್ಮಿ ಐತಿ?”

ಹೀಗೆ ಸಂಗ್ರಹಿಸಿದ ಸುದ್ದಿಯನ್ನು ಆಕೆ ಸುಮ್ಮನೆ ಇಟ್ಟುಕೊಳ್ಳುವವಳಲ್ಲ. ಬಾವಿಯ ಹತ್ತಿರ ನೀಲವ್ವನ ತಾಯಿಯನ್ನು ನಿಲ್ಲಿಸಿ, “ನಿನ್ನ ಮಗಳ ಜಡಿ ಇಷ್ಟ ಬಿಗಿ ಹಾಕಬ್ಯಾಡವಾ, ಮಗ್ಗಿ ಹೇಳುವಾಗ ಕಣ್ಣು ಮ್ಯಾಲ ಹೋಗ್ತಾವಂತ” ಅನ್ನುವಳು. ಒಂದು ಸಲ ಕಿರಾಣಿ ಅಂಗಡಿಯ ಮುಂದೆ ನಮ್ಮ ಮಾಸ್ತರರೇ ಸಿಕ್ಕರು.

“ಮಾಸ್ತರ್ರ, ಏಳರ ಮಗ್ಗಿ ಅರ್ಧಕ್ಕ ಬಿಟ್ರಂತಲ್ರಿ. ಮಧ್ಯಾಹ್ನ ಜಂಪ ಹತ್ತಿತ್ತೇನ್ರಿ?”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಮಾಸ್ತರರು ಬೆಲ್ಲ ಬಿಟ್ಟು ಬರೀ ಚಹಾಪುಡಿ ತೆಗೆದುಕೊಂಡು ಹೋದರು. ಮರುದಿನದಿಂದ ಅವರು ನಿದ್ದೆ ಬಿಟ್ಟರೇ? ಎಲ್ಲಿಯ ಮಾತು! ಊಟದ ನಂತರ ನನಗೆ ಕೊಡ ಕೊಟ್ಟು ನೀರು ತರಲು ಕಳಿಸತೊಡಗಿದರು.

ಇಷ್ಟೆಲ್ಲ ಸಾಲಿಯ ಹುಚ್ಚಿದ್ದ ಅತ್ತಿ ಸಾಲಿಯ ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಮನೆಯಿಂದ ಕೂಗಿದರೆ ಕೇಳುವಷ್ಟೇ ದೂರ. ನಾನು ಪಾಟಿ ಮರೆತು ಹೋದರೆ ತರುತ್ತಿದ್ದಳು, ಆದರೆ ಬೇವಿನ ಗಿಡದ ಕೆಳಗೇ ನಿಂತು ಇಡೀ ಊರಿಗೆ ಕೇಳುವಂತೆ ನನ್ನನ್ನು ಕರೆಯುತ್ತಿದ್ದಳು. ಮಾಸ್ತರರು ಹಳೆಯದನ್ನು ಮರೆತು, “ಒಳಗ ಬರ್ರಿ ಅವ್ವಾರ” ಅಂದರೆ, “ಒಲಿ ಮ್ಯಾಲ ಹಾಲಿಟ್ಟು ಬಂದೇನ್ರಿ” ಎಂದು ಹಿಂದೆ ನೋಡದೆ ಹೊರಡುವಳು. ಆಗ ನಮ್ಮ ಮನೆಯಲ್ಲಿ ಹಿಂಡುವ ಎಮ್ಮೆಯೇ ಇರಲಿಲ್ಲ!

ನಾನು ನಾಲ್ಕನೆಯ ಇಯತ್ತೆ ಮುಗಿಸಿದಾಗ ಅಪ್ಪ, “ಹೆಣ್ಣಮಗಳಿಗೆ ಇಷ್ಟ ಸಾಕು” ಎಂದ. ತಾಳಿಕೋಟೆಯಲ್ಲಿ ಇರಲು ನಮ್ಮವರು ಯಾರೂ ಇರಲಿಲ್ಲ, ಮುಂದಿನ ಸಾಲಿಗೆ ಮುದ್ದೇಬಿಹಾಳಕ್ಕೇ ಹೋಗಿ ಸಂಬಂಧಿಕರ ಮನೆಯಲ್ಲಿ ಇರಬೇಕು. ಅವ್ವ ತಲೆ ತಗ್ಗಿಸಿ ಒಲೆಗೆ ಕಟ್ಟಿಗೆ ಇಟ್ಟಳು. ನಾನು ಕಂಬದ ಹಿಂದೆ ನಿಂತು ಅತ್ತಿ ಬಾಯಿ ತೆರೆಯುವುದನ್ನೇ ಕಾಯುತ್ತಿದ್ದೆ. ಆಕೆ ತೆರೆದಳು.

“ಈಕಿನ್ನ ಬಿಡಿಸಿದ್ರ ನನಗ ಸುದ್ದಿ ಯಾರ ಹೇಳ್ತಾರ?”

ಅಪ್ಪ ನಕ್ಕ. ಎಲ್ಲರೂ ನಕ್ಕರು. ಅತ್ತಿ ನಗಲಿಲ್ಲ. ಅಂದಿನಿಂದ ಮಾತನ್ನೇ ಬಿಟ್ಟಳು! ರೊಟ್ಟಿ ಬಡಿದಳು, ಕಸ ಹೊಡೆದಳು, ನೀರು ತಂದಳು, ತುಟಿ ಎರಡು ಮಾಡಲಿಲ್ಲ. ಸೆಲ್ಲು ಮುಗಿದ ರೇಡಿಯೋದ ಹಾಗೆ ಮನೆ ಬಿಕೋ ಎನ್ನತೊಡಗಿತು. ನೆರೆಯವರು ಬಂದು, “ತಂಗೀಗೆ ಆರಾಮಿಲ್ಲೇನು, ಡಾಕ್ಟರಿಗೆ ತೋರಸ್ರಿ” ಅಂದರು. ಅಪ್ಪ ಮೊದಲು ಗದರಿದ, ಆಮೇಲೆ ರಮಿಸಿದ, ತಾಳಿಕೋಟೆ ಸಂತೆಯಿಂದ ಆಕೆಗೆ ಇಷ್ಟವೆಂದು ಖಾರದಾಣಿ ತಂದುಕೊಟ್ಟ. ಆಕೆ ಖಾರದಾಣಿ ತಿಂದಳು, ಮಾತಾಡಲಿಲ್ಲ. ಕೊನೆಗೊಂದು ಸಂಜೆ ಅಪ್ಪ ಆಕೆಯ ಎದುರು ಬಂದು ಕುಳಿತ.

“ಆತವಾ. ಕಳಸ್ತೇನಿ.”

“ಇದನ್ನ ಮೊದಲ ಅಂದಿದ್ರ ನನ್ನ ನಾಲಿಗಿ ಜಂಗ ಹಿಡೀತಿರಲಿಲ್ಲ” ಎಂದಳು ಅತ್ತಿ. ಆಮೇಲೆ ಅಷ್ಟೂ ದಿನದ ಬಾಕಿಯನ್ನು ಒಂದೇ ರಾತ್ರಿಯಲ್ಲಿ ತೀರಿಸಿದಳು.

ಮುದ್ದೇಬಿಹಾಳದಲ್ಲಿ ಸಾಲಿ ದೊಡ್ಡದಿತ್ತು, ಬೆಂಚುಗಳಿದ್ದವು. ಆದರೆ ಸಾಲಿ ಬಿಟ್ಟ ಮೇಲೆ ಏನಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ. ಸಂಬಂಧಿಕರು ಒಳ್ಳೆಯವರೇ. “ಉಂಡೇನು? ಓದಿದೇನು?” ಅನ್ನುತ್ತಿದ್ದರು. ದಿನವೆಲ್ಲ ಕೂಡಿಟ್ಟ ಸುದ್ದಿ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಕೇಳುವವರಿಲ್ಲದಿದ್ದರೆ ನಡೆದದ್ದೂ ನಡೆಯದ ಹಾಗೆಯೇ ಅನಿಸುತ್ತದಲ್ಲ, ಹಾಗೆ. ಸಂಜೆಯಾದರೆ ಕಟ್ಟೆ, ಮೊರ, ಜೋಳದ ಧೂಳು, ಅತ್ತಿಯ ಉಡಿಯ ಶೇಂಗಾ ಎಲ್ಲ ಕಣ್ಣ ಮುಂದೆ ಬರುತ್ತಿದ್ದವು.

ಸೂಟಿಗೆ ಊರಿಗೆ ಹೋದರೆ ಬಸ್ಸು ನಿಲ್ಲುವ ಕಡೆ ಆಕೆ ನಿಂತಿರುತ್ತಿದ್ದಳು. ನಾನು ಹೊಸ ಸಾಲಿಯ ಸುದ್ದಿಗಳನ್ನು ಬಿಚ್ಚಿದರೆ ಸ್ವಲ್ಪ ಹೊತ್ತು ಕೇಳಿ, “ಅದು ಇರಲಿ. ನೀಲವ್ವಂದು ಹೇಳು” ಅನ್ನುವಳು.

“ಅತ್ತೀ, ನೀಲವ್ವ ಸಾಲಿ ಬಿಟ್ಟು ವರ್ಷಗಟ್ಟಲೆ ಆತು. ಆಕಿ ಲಗ್ನದಾಗ ನೀನ ಹೋಳಿಗಿ ಬಡಿಸಿದ್ದಿ!”

“ಆ ನೀಲವ್ವ ಬ್ಯಾರೆ. ನಾ ಸಾಲ್ಯಾಗಿನ ನೀಲವ್ವನ್ನ ಕೇಳಾಕತ್ತೇನಿ.”

ಆಗ ನಾನು ಹಳೆಯ ಸುದ್ದಿಯನ್ನೇ ಮತ್ತೆ ಹೇಳಬೇಕು. ಎಲ್ಲಾದರೂ ತಪ್ಪಿದರೆ ಆಕೆ ತಿದ್ದುವಳು. ಊರಿನಲ್ಲಿ ನಾವೆಲ್ಲ ದೊಡ್ಡವರಾದೆವು. ಅತ್ತಿಯ ಒಂದನೇ ಇಯತ್ತೆಯಲ್ಲಿ ಮಾತ್ರ ಯಾರೂ ಪಾಸಾಗಲೇ ಇಲ್ಲ. ಎಲ್ಲರೂ ಅದೇ ಗೋಣಿತಟ್ಟಿನ ಮೇಲೆ, ಮೂಗು ಸೋರಿಸಿಕೊಂಡು, ಅಲ್ಲಲ್ಲೇ ಕುಳಿತಿದ್ದರು.

ಮೆಟ್ರಿಕ್ ಪರೀಕ್ಷೆ ಬರೆದು ನಾನು ಊರಿಗೆ ಬಂದ ಬೇಸಿಗೆ. ಹಳೆಯ ಮಾಸ್ತರರಿಗೆ ವರ್ಗವಾಗಿತ್ತು. ಈಗಿನವರು ಒಬ್ಬ ವಯಸ್ಸಾದ ಹೆಡ್ ಮಾಸ್ತರರು. ಬೆಳಗಿನ ಸಾಲಿ ನಡೆದಿತ್ತು. ಅವರು ಮನೆಗೆ ಬಂದು, “ನಾನು ದೊಡ್ಡ ಹುಡುಗರ ಪರೀಕ್ಷಾ ತಗೋಬೇಕು. ಇವತ್ತೊಂದಿನ ಒಂದನೇ ಇಯತ್ತೆ ನೋಡ್ಕೋತಿಯೇನವಾ?” ಎಂದರು. ನಾನು ಹೋದೆ. ಪುಟ್ಟ ಹುಡುಗರೆಲ್ಲ ಎದ್ದು ನಿಂತು, ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವಂತೆ, “ನಮಸ್ಕಾರ್ರಿ ಬಾಯಾರ” ಎಂದು ಕೂಗಿದರು. ಬಾಯಾರಂತೆ! ನಾನು ಸೀರೆ ಉಡಲು ಕಲಿತದ್ದೇ ಆ ವರ್ಷ.

ಸ್ವಲ್ಪ ಹೊತ್ತಿನಲ್ಲಿ ಬೇವಿನ ಗಿಡದ ಕೆಳಗಿನಿಂದ ನನ್ನ ಹೆಸರು ಕೇಳಿಸಿತು. ಅತ್ತಿ ನನಗೆಂದು ಅವಲಕ್ಕಿ ಕಟ್ಟಿಕೊಂಡು ಬಂದಿದ್ದಳು.

“ಒಳಗ ಬಾ ಅತ್ತಿ.”

“ಒಲಿ ಮ್ಯಾಲ...”

“ಏನೂ ಇಲ್ಲ ಬಾ. ಇವತ್ತ ಇಲ್ಲಿ ನಾನ ಮಾಸ್ತರ. ಯಾರೂ ಏನೂ ಅನ್ನಂಗಿಲ್ಲ.”

ಆಕೆ ಅತ್ತ ಇತ್ತ ನೋಡಿದಳು. ಚಪ್ಪಲಿ ಬಿಟ್ಟಳು. ಗುಡಿಯ ಒಳಗೆ ಹೋಗುವವರ ಹಾಗೆ ಹೊಸ್ತಿಲು ಮುಟ್ಟಿ, ಒಳಗೆ ಬಂದು ಬಾಗಿಲ ಪಕ್ಕದಲ್ಲೇ ತಟ್ಟಿನ ಅಂಚಿಗೆ ಕುಳಿತಳು. ಹುಡುಗರು ಪಿಳಿಪಿಳಿ ನೋಡಿದರು. ಒಬ್ಬಳು ಚಿಕ್ಕವಳು, “ನೀ ಯಾರು?” ಎಂದು ಕೇಳಿಯೇಬಿಟ್ಟಳು.

“ಹೊಸಾ ಹುಡುಗಿ” ಎಂದಳು ಅತ್ತಿ.

ನಗು ನಿಂತ ಮೇಲೆ ನಾನು, “ಬಾಗಿಲದಾಗ ಯಾಕ ಅತ್ತಿ, ಮುಂದ ಬಾ” ಎಂದೆ.

“ಇಲ್ಲೇ ಇರಲಿ. ಅವತ್ತೂ ಇಲ್ಲೇ ಕುಂತಿದ್ದೆ.”

“ಯಾವತ್ತ?”

ಅತ್ತಿ ಸೆರಗಿನ ಅಂಚು ತೀಡುತ್ತ, ಹುಡುಗರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು. ಆಕೆ ಈ ಹುಡುಗರಷ್ಟೇ ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ಅಣ್ಣನ, ಅಂದರೆ ನನ್ನ ಅಪ್ಪನ, ಬೆನ್ನು ಹತ್ತಿ ಸಾಲಿಗೆ ಬಂದಿದ್ದಳಂತೆ. ಆಗಿನ ಮಾಸ್ತರರು, ಇರಲಿ ಎಂದು ಬಾಗಿಲ ಹತ್ತಿರ ಕೂಡಿಸಿದ್ದರಂತೆ.

“ಮುಂದ ಒಬ್ಬಾಕಿ ಹುಡುಗಿ ಕುಂತಿದ್ಳು, ಕೆಂಪು ಲಂಗಾ. ಮಾಸ್ತರ್ರು ಆಕೀಗೆ ಎದ್ದ ನಿಲ್ಲು ಅಂದ್ರು. ಆಕಿ ನಿಂತ್ಳು. ಅಷ್ಟರಾಗ ನಮ್ಮವ್ವ ಯಾರದೋ ಕೈಲೆ ಅಣ್ಣಗ ಹೇಳಿ ಕಳಸಿದ್ಳು. ತಂಗೀ ಏಳು, ತೊಟ್ಟಲದಾಗಿನ ಕೂಸು ಅಳಾಕತ್ತೈತಿ, ನಡಿ ಮನೀಗೆ ಅಂದ ಅಣ್ಣ. ನಾಳಿ ಬಂದ್ರಾತು ಅಂತ ಎದ್ದ ಹೋದೆ.” ಆಕೆ ನಕ್ಕಳು. “ಮಾಸ್ತರ್ರು ಆಕೀನ್ನ ಯಾಕ ನಿಲ್ಲಿಸಿದ್ರೋ, ಮುಂದ ಏನಾತೋ. ಅಣ್ಣನ್ನ ಕೇಳಿದ್ರ, ಏನೂ ಆಗಲಿಲ್ಲ ಅಂದ.”

ಖಡು ಹಿಡಿದು ಹಲಗೆಯ ಕಡೆ ತಿರುಗಿ ನಿಂತೆ. ಅಷ್ಟರಲ್ಲಿ ಹೊರಗೆ ಅಪ್ಪನ ದನಿ.

“ತಂಗೀ! ಏ ತಂಗೀ! ಮನೀ ಕೀಲಿ ಎಲ್ಲಿಟ್ಟಿ?”

ಹೊಲದಿಂದ ಬಂದ ಅಪ್ಪ ಆಕೆಯನ್ನು ಹುಡುಕುತ್ತ ಬಾಗಿಲಿಗೆ ಬಂದಿದ್ದ. ಅತ್ತಿ ಗಡಬಡಿಸಿ, ನೆಲಕ್ಕೆ ಕೈ ಊರಿ, ಅರ್ಧ ಎದ್ದಿದ್ದಳು. ಅಪ್ಪ ಆಕೆಯನ್ನು ನೋಡಿದ. ಆಕೆಯ ಸುತ್ತಲಿನ ಹುಡುಗರನ್ನು ನೋಡಿದ. ತಲೆಯ ಮೇಲಿನ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

“ಕೂಡವಾ, ಕೂಡು” ಎಂದ. “ನಾ ಕಟ್ಟಿ ಮ್ಯಾಲ ಕುಂತಿರತೇನಿ. ಸಾಲಿ ಬಿಟ್ಟ ಮ್ಯಾಲ ಬಾ.”

ಅವನ ಹೆಜ್ಜೆಯ ಸಪ್ಪಳ ದೂರವಾಗುವ ತನಕ ಅತ್ತಿ ಹಾಗೇ ಇದ್ದಳು. ಆಮೇಲೆ ನಿಧಾನವಾಗಿ ಕುಳಿತು, ಸೀರೆಯ ನೆರಿಗೆ ಸರಿಪಡಿಸಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟು ನನ್ನ ಮುಖ ನೋಡಿದಳು.

“ಮುಂದ ಹೇಳ್ರಿ, ಬಾಯಾರ.”