ದಕ್ಷಿಣ ಆಫ್ರಿಕಾಕ್ಕೆ ಮೂರು ಕೂಗು

ನನ್ನ ಸೋದರಮಾವನಿಗೆ ದಕ್ಷಿಣ ಆಫ್ರಿಕಾದ ಬಿಳಿಯರ ಸರಕಾರ ಹೆದರುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿರಿ. ಆದರೆ ಹೆದರಿಕೆ ಇಲ್ಲದಿದ್ದರೆ ಆ ಸರಕಾರ ಒಂದು ಸಲವಾದರೂ ಹುನಗುಂದಕ್ಕೆ ಬಂದು ಅವನೆದುರು ನಿಲ್ಲಬೇಕಿತ್ತಲ್ಲ? ಅವನೇನು ಕರೆಯದೆ ಬಿಟ್ಟಿದ್ದನೇ?

ಮಾಮಾ ತಾಲೂಕು ಕೋರ್ಟಿನಲ್ಲಿ ಜವಾನನಾಗಿದ್ದ. ಬಾಗಿಲಿಗೆ ಬಂದು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಆಯುಷ್ಯವೆಲ್ಲ ಕೂಗಿದವನಿಗೆ ಪಿಂಚಣಿ ಕೊಟ್ಟು ಮನೆಗೆ ಕಳಿಸಿದರೆ ಗಂಟಲು ಸುಮ್ಮನಿರುತ್ತದೆಯೇ? ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಿವೃತ್ತನಾದ. ಆದವನೇ ‘ಮಾನವ ಹಕ್ಕು ಮತ್ತು ಜಗತ್ತಿನ ನ್ಯಾಯ: ಸಾರ್ವಜನಿಕ ಚರ್ಚೆ’ ಎಂದು ಒಂದು ಹಲಗೆ ಬರೆಸಿದ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಎಲ್ಲಿ ಸಾಲೆಯ ಪಡಸಾಲೆ ಪುಕ್ಕಟೆ ಸಿಕ್ಕಿತೋ ಅಲ್ಲಿ ಆ ಹಲಗೆ ನಿಲ್ಲುತ್ತಿತ್ತು.

ಹಿಂದಿನಿಂದ ಸೀರೆ ಗಂಟು ಹೊತ್ತು ನಾನು. ಭಕ್ತಿಯಿಂದಲ್ಲ. ಇಳಕಲ್ಲ ಸೀರೆಯನ್ನು ಊರೂರಿಗೆ ಒಯ್ದು ಮಾರಿ ಬದುಕಿದ ಹೆಂಗಸು ನಾನು. ಜನ ಕೂಡುವ ಜಾಗ ಬಿಡುವುದುಂಟೇ? ವ್ಯಾಪಾರಕ್ಕೆ ಹೊಸದಾಗಿ ಇಳಿದವರು ಇದನ್ನು ನೆನಪಿಡಿ: ಅನ್ಯಾಯದ ಕತೆ ಕೇಳಿ ಕಣ್ಣೊರೆಸಿಕೊಂಡು ಎದ್ದ ಗಂಡಸು ದರದ ಮೇಲೆ ಜಗ್ಗಾಡುವುದಿಲ್ಲ.

ಹುನಗುಂದದ ಮೊದಲ ಚರ್ಚೆಯಲ್ಲಿ ಜನ ಕೂತರು. ಮಾಮಾ ಎದ್ದು ಬಾಗಿಲಿಗೆ ಹೋಗಿ ಬೀದಿಗೆ ಕೇಳುವಂತೆ ಮೂರು ಸಲ ಕೂಗಿದ: “ದಕ್ಷಿಣ ಆಫ್ರಿಕಾದ ಬಿಳಿಯರ ಸರಕಾರ ಹಾಜರ್ ಅದ ಏನ್ರಿ?”

ಎಮ್ಮೆ ಹೊಡೆದುಕೊಂಡು ಹೊರಟವನೊಬ್ಬ ನಿಂತ. “ಇತ್ತಾಗ ಯಾರೂ ಬಂದಿಲ್ರಿ ಅಜ್ಜಾರ. ಬಸ್‌ಸ್ಟ್ಯಾಂಡ್ ಕಡೆ ನೋಡಸ್ರಿ.”

ಮಾಮಾ ಒಳಗೆ ಬಂದು ಚರ್ಚೆಯನ್ನು ಮುಂದಕ್ಕೆ ಹಾಕಿದ. ಆರೋಪಿ ಗೈರುಹಾಜರು. ಭಾಷಣ ಬರೆದುಕೊಂಡು ಬಂದಿದ್ದ ಸಾಲೆಯ ಮಾಸ್ತರರ ಮುಖ ಕೆಂಪಾಯಿತು.

“ಇಷ್ಟು ಬರಕೊಂಡು ಬಂದೇನಿ, ಇದನ್ನೇನು ಮಾಡ್ಲಿ?”

“ಎದುರಿನವ ಇಲ್ಲದಾಗ ಬೈಯೂದು ಚಾಡಿ ಮಾಸ್ತರ, ನ್ಯಾಯ ಅಲ್ಲ.”

ಹೀಗೆ ನಾಲ್ಕೂ ಊರುಗಳಲ್ಲಿ ಚರ್ಚೆ ಕೂಗಿನಲ್ಲೇ ಮುಗಿಯತೊಡಗಿತು. ಜನ ಅತ್ತು ಎದ್ದರಲ್ಲವೇ ನನ್ನ ಸೀರೆ ಹೋಗುವುದು? ನಾನೇ ಜಗಳ ತೆಗೆದೆ. ಅವನು ಯೋಚಿಸಿ, ಆರೋಪಿಗೆ ಒಬ್ಬ ವಕೀಲ ಇದ್ದರೆ ಸಾಕು ಎಂದ. ಬಾದಾಮಿಯಲ್ಲಿ ಆ ವಕೀಲಿಕೆಯನ್ನು ನನ್ನ ತಲೆಗೇ ಕಟ್ಟಿದ.

“ನನಗ್ಯಾಕ ಈ ಪಾಪ, ಮಾಮಾ?”

“ಹತ್ತಿ ಸೂತಿನ ಸೀರಿ ರೇಶ್ಮಿ ಅಂತ ನಂಬಸ್ತಿ. ನಿನಗಿಂತ ಚಲೋ ವಕೀಲ ಯಾರದಾರ?”

ರೋಷ ಬಂತು. ಕರಿಯರು ಕೂಡಬಾರದೆಂದು ಹಲಗೆ ಹಾಕಿದ ಬೆಂಚು ಅವರದು, ಯಾರು ಕೂಡಬೇಕು ಅನ್ನುವುದು ಅವರ ಮರ್ಜಿ ಎಂದು ಎಂಥ ವಾದ ಹೂಡಿದೆನೆಂದರೆ, ಅರ್ಧ ಸಭೆ ಬಿಳಿಯರನ್ನು ಬಿಟ್ಟುಬಿಡಿ ಎಂದು ಕೈ ಎತ್ತಿತು. ಮಾಮಾ ಊರು ಮುಟ್ಟುವ ತನಕ ಬಸ್ಸಿನಲ್ಲಿ ನನಗೆ ಬೆನ್ನು ತಿರುಗಿಸಿ ಕೂತ. ಸೀರೆಯೂ ಒಂದು ಹೋಗಲಿಲ್ಲ.

ಇನ್ನು ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಬಾದಾಮಿ ತಾಲೂಕಿನಲ್ಲೊಂದು ಕ್ರಾಸ್ ಇದೆ. ಹೆಸರು ಹೇಳುವುದಿಲ್ಲ, ಅಲ್ಲಿ ನನ್ನ ಗಿರಾಕಿಗಳಿದ್ದಾರೆ. ಬಸ್ಸು ಬದಲಿಸುವವರು ಅಲ್ಲಿ ಅರ್ಧ ದಿನ ಕಾಯಬೇಕು. ಗಂಡಸರಿಗೆ ಬಾಗಿಲಿದ್ದ ಪಾಯಖಾನೆ ಇತ್ತು. ಹೆಂಗಸರಿಗೆ? ಹೊಲ. ಜೋಳ ಆಳೆತ್ತರ ನಿಂತ ತಿಂಗಳುಗಳಲ್ಲಿ ನಮಗೂ ಮಾನವ ಹಕ್ಕು ಇರುತ್ತಿತ್ತು. ಜೋಳ ಕೊಯ್ದು ರಾಶಿ ಮುಗಿದ ಮೇಲೆ ಅದೂ ಇಲ್ಲ. ಹಾಗಾಗಿ ಕುಪ್ಪಸದ ಖಣ ಮಾರುವವರು, ಕಾಯಿಪಲ್ಲೆಯವರು, ನಾನು, ಹೊರಡುವ ದಿನ ಎದ್ದಾಗಿನಿಂದ ನೀರು ಮುಟ್ಟುತ್ತಿರಲಿಲ್ಲ. ನನಗೆ ಪಕ್ಕೆಯಲ್ಲಿ ನೋವು ಶುರುವಾಗಿತ್ತು. ದವಾಖಾನೆಯ ಡಾಕ್ಟರು, ನೀರು ಕುಡಿಯದಿದ್ದರೆ ಮೂತ್ರಪಿಂಡ ಹೋಗುತ್ತದೆ ಎಂದು ಗದರಿಸಿ ಕಳಿಸಿದ್ದರು. ಕುಡಿಯಿರಿ ಎನ್ನುವುದು ಸುಲಭ. ಅವರು ಎಂದಾದರೂ ಸೀರೆಯುಟ್ಟು ಬೋಳು ಹೊಲದ ಬದಿಯಲ್ಲಿ ಬಸ್ಸು ಕಾದಿದ್ದರೇ?

ಆ ಕ್ರಾಸಿನಲ್ಲೇ, ಕಾಳು ಕೊಂಡು ಮಾರುವ ಒಂದು ಅಡತಿ ಅಂಗಡಿಯ ಕಟ್ಟೆಯ ಮೇಲೆ, ಬೇಸಿಗೆಯಲ್ಲೊಂದು ಚರ್ಚೆ. ವಿಷಯ ಕೈದಿಗಳ ಹಕ್ಕು. ಕುಡಿಯಲು ನೀರು ಕೊಡದೆ ಕೈದಿಗಳನ್ನು ಸತಾಯಿಸುವ ದೇಶಗಳಿವೆ ಎಂದು ಹೇಳುವಾಗ ಮಾಮಾನ ಕಣ್ಣುಗಳು ತುಂಬಿದವು. ಆರೋಪಿಗಳ ವಕೀಲಳಾಗಿ ನಾನು ಎದ್ದೆ. ಅವನು ನೀರಿನ ತಂಬಿಗೆ ನನ್ನ ಕಡೆ ಸರಿಸಿದ.

“ಗಂಟಲ ತೊಯ್ಸಿಕೊಂಡು ಶುರು ಮಾಡವಾ.”

“ಒಲ್ಲೆ.”

“ಬಿಸಲಾಗ ಬಂದೀದಿ, ಕುಡಿ.”

“ಕುಡದು ಎಲ್ಲಿಗೆ ಹೋಗ್ಲಿ ಮಾಮಾ? ಇಲ್ಲಿ ಹೆಣ್ಣಮಕ್ಕಳು ಕೂಡಾಕ ಒಂದು ಗೋಡಿ ಐತೇನು? ಆ ಕೈದಿಗಾದ್ರ ಬ್ಯಾರೆಯವರು ನೀರು ಕೊಡೂದಿಲ್ಲ. ನಾವು ನಮ್ಮ ಕೈಲೆ ಬಿಟ್ಟೇವಿ. ಯಾವ ದೇಶದ ಮ್ಯಾಲೆ ಹಾಕ್ತಿ ಈ ಫಿರ್ಯಾದು?”

ಅಂಗಡಿಯ ಯಜಮಾನ ಕೆಮ್ಮಿದ. “ಇವೆಲ್ಲಾ ನಾಕ ಮಂದ್ಯಾಗ ಆಡೂ ಮಾತಲ್ಲ ಬಿಡ್ರಿ, ಅಕ್ಕಾರ.”

“ಹಂಗಾರ ಎಲ್ಲಿ ಆಡೂಣ್ರಿ? ಹೊಲದಾಗ?”

ಮಾಮಾ ನನ್ನನ್ನೇ ನೋಡಿದ. “ಎಂದಿನಿಂದ ಹಿಂಗ?”

“ಗಂಟು ಹೊತ್ತಾಗಿನಿಂದ.”

ಅವನು ಚಪ್ಪಲಿ ಮೆಟ್ಟಿ ಹೊರಟೇಹೋದ. ತುಂಬಿದ ಸಭೆಯಲ್ಲಿ ಮಾನ ಕಳೆದೆ ಎಂದು ಮುನಿಸಿಕೊಂಡನೆಂದು ತಿಳಿದೆ. ಮುನಿಸಿಕೊಳ್ಳಲಿ, ನಾನೇನು ಸುಳ್ಳು ಹೇಳಿದೆನೇ? ಸಭೆ ಚದುರಿದ ಮೇಲೆ ಗಂಟು ಎತ್ತಿಕೊಂಡು ಬಸ್ಸಿನ ಕಡೆ ನಡೆದರೆ, ಗಂಡಸರ ಪಾಯಖಾನೆಯ ಮುಂದೆ ಗದ್ದಲ. ಬಾಗಿಲಿಗೆ ಬೆನ್ನು ಮಾಡಿ, ಕೊಡೆ ಅಡ್ಡ ಹಿಡಿದು ಮಾಮಾ ನಿಂತಿದ್ದ. ಪಕ್ಕದಲ್ಲಿ ಖಾಲಿ ಬಕೀಟು. ಧೋತರ ಮೊಣಕಾಲಿನವರೆಗೆ ತೊಯ್ದಿತ್ತು.

“ಏ ಅಜ್ಜಾ, ಸರಿ ಅತ್ತ, ಬಸ್ ಬಿಡತೈತಿ,” ಎಂದು ಒಬ್ಬ ಹಾಯ್ದು ಬಂದ.

“ನಿನಗ ಊರ ಗೋಡಿ ಎಲ್ಲಾ ಅದಾವಲ್ಲೋ, ಹೋಗು,” ಎಂದ ಮಾಮಾ. ಕದಲಲಿಲ್ಲ.

ಒಳಗಿನಿಂದ ಕಾಯಿಪಲ್ಲೆಯ ಮುದುಕಿಯೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಅವನತ್ತ ನೋಡದೆ, ಅವನ ಕೊಡೆಯ ತುದಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ಗದ್ದಲದ ನಡುವೆ ನನ್ನನ್ನು ಕಂಡವನೇ, “ನೀನೂ ಹೋಗಿ ಬಾ. ತೊಳದು ನೀರ ಹೊಡದೇನಿ,” ಎಂದ.

ನಾನು ಹೊರಗೆ ಬರುವಷ್ಟರಲ್ಲಿ ನಮ್ಮ ಬಸ್ಸಿನ ಕಂಡಕ್ಟರು ಸೀಟಿ ಊದುತ್ತಿದ್ದ. ಇಳಿಹೊತ್ತಿನ ಬಿಸಿಲು ಮಾಮಾನ ಮುಖಕ್ಕೇ ಹೊಡೆಯುತ್ತಿತ್ತು. ಕೊಡೆ ಬಾಗಿಲಿಗೆ ಅಡ್ಡವಿತ್ತು.

“ನಡಿ ಮಾಮಾ, ಕಡೀ ಬಸ್ ಇದು.”

ಅವನು ತಿರುಗಿ ನೋಡಲಿಲ್ಲ.

“ನೀ ಹತ್ತು, ಯವ್ವಾ. ಒಳಗ ಇನ್ನೂ ಹೆಣ್ಣಮಕ್ಕಳದಾರ.”