ಹೊಸ್ತಿಲ ಮೇಲೆ ಬಿಟ್ಟೋದ ಹಲ್ಲು

ನಮ್ಮ ಬೀದೀಲಿ ಯಾವತ್ತೂ ಕಳುವಾಗ್ದೇ ಇರೋದು ಅಂದ್ರೆ ಜಗಳ ಒಂದೇ. ಉಳಿದಿದ್ದೆಲ್ಲ ಹೋಗ್ತೈತೆ. ಹಾಲಿನ ಪಾಕೀಟು, ಚಪ್ಪಲಿ, ಒಣಗಾಕಿದ ಸಂಡಿಗೆ. ಚಿತ್ರದುರ್ಗಕ್ಕೆ ಈ ಕೊರಿಯರ್ ಅನ್ನೋದು ಬಂದ ಮೇಲಂತೂ ಕಳ್ರಿಗೆ ಕೆಲ್ಸಾನೇ ಇಲ್ದಂಗಾತು. ತಂದುಕೊಡೋನೇ ಕಳೀತಿದ್ದ. ಎಲ್ರ ಕೈಗೂ ಮೊಬೈಲ್ ಬರೋಕೆ ಮುಂಚಿನ ಮಾತಿದು.

ನಡುವಿನ ಬೆಲ್ಟು

ಕೊರಿಯರ್‌ನೋನು ಮೊಪೆಡ್ ಇಳಿಯೋ ಗಿರಾಕಿ ಅಲ್ಲ. ಇಳಿದ್ರೆ ಅವ್ರಪ್ಪನ ಗಂಟು ಹೋಗ್ತಿತ್ತೇನೋ. ಹಾದಿ ಮೇಲಿಂದ್ಲೇ ಎಸೀತಿದ್ದ. ಯಾರ ಮನೆ ಅಂಗಳಕ್ಕೆ ಬೀಳ್ತೈತೋ ಅವ್ರದ್ದು.

ಬ್ಯಾಂಕಿನೋರ ಹೆಂಡ್ತಿ, ನಾವೆಲ್ಲ ಬ್ಯಾಂಕಿನಮ್ಮ ಅಂತೀವಿ, ಟೀವಿ ನೋಡಿ ಒಂದು ಬೆಲ್ಟು ತರಿಸಿದ್ರು. ನಡಕ್ಕೆ ಕಟ್ಕಂಡ್ರೆ ಹೊಟ್ಟೆ ಕರಗ್ತೈತಂತೆ. ಬೆಲ್ಟು ಬರ್ಲೇ ಇಲ್ಲ. ಕೊನೀಗೆ ನೋಡಿದ್ರೆ ಎಮ್ಮೆ ಸಾಕಿರೋ ಮನೆಯೋರು ಕರೂಗೆ ಚಳಿ ಅಂತ ಗೋಣಿಚೀಲ ಹೊದಿಸಿ, ಅದ್ರ ಮೇಲೆ ಬಿಗಿದವ್ರೆ!

"ಅಯ್ಯೋ, ಅದು ನನ್ ಬೆಲ್ಟು!"

"ಹೌದಾ ಅಮ್ಮಾ? ನಮ್ ಅಂಗಳದಾಗೆ ಬಿದ್ದಿತ್ತು. ಯಾರೋ ಪುಣ್ಯಾತ್ಮರು ಕರೂಗೇಂತ ಕೊಟ್ಟೋಗವ್ರೆ ಅನ್ಕಂಡ್ವಿ."

ಟೀವಿಯೋನು ಸುಳ್ಳು ಹೇಳಿರ್ಲಿಲ್ಲ ಬಿಡ್ರಿ. ಬ್ಯಾಂಕಿನಮ್ಮ ಹಂಗೇ ಇದ್ರು, ಕರು ಸಣ್ಣಗಾಗಿತ್ತು.

ಹೊಸದುರ್ಗದ ಬಾಗಿಲು

ಬರೀ ನಮ್ಮೂರಲ್ಲಿ ಹಿಂಗೆ ಅನ್ಕಬ್ಯಾಡ್ರಿ. ನಮ್ಮಣ್ಣ ಹೊಸದುರ್ಗದಾಗೆ ಟೀ ಅಂಗಡಿ ಇಟ್ಟಿದ್ದ. ಅಂಗಡಿ ಅಂದ್ರೆ ನಾಕು ಗಳ, ಮೇಲೊಂದು ಟಾರ್ಪಾಲು, ಅಷ್ಟೇ. ಅವನಿಗೆ ಬಂದ ಪಾರ್ಸಲ್ ವಾಪಸ್ ಹೋತು. ಯಾಕಪ್ಪಾ ಅಂತ ಆಫೀಸಿಗೆ ಹೋಗಿ ಕೇಳಿದ್ರೆ, "ಬಂದಿದ್ವಿ. ನಿಮ್ ಅಂಗ್ಡಿ ಬಾಗ್ಲು ಹಾಕಿತ್ತು" ಅಂದ್ರಂತೆ.

ನಮ್ಮಣ್ಣ ಸಿಟ್ಟೇ ಮಾಡ್ಕಳ್ಲಿಲ್ಲ. "ಆ ಬಾಗ್ಲು ಎಲ್ಲೈತೆ ಒಸಿ ತೋರಿಸ್ರಿ ಸ್ವಾಮಿ. ಮಳೆಗಾಲ ಬಂತು, ನಾನೂ ಅದನ್ನೇ ಹುಡುಕ್ತಾ ಇವ್ನಿ" ಅಂದ.

ಅಮಾಸೆ ಗಂಟು

ಇನ್ನು ಮೇಷ್ಟ್ರ ಕತೆಗೆ ಬರಾಣ. ನಮ್ಮೆದುರು ಮನೆ ರಿಟೈರ್ಡ್ ಮೇಷ್ಟ್ರು. ಹಣೆ ತುಂಬ ಇಬತ್ತಿ, ಮೊಟ್ಟೆ ಅಂಗ್ಡಿ ಮುಂದೆ ಹೋಗ್ಬೇಕಾದ್ರೂ ಮೂಗು ಮುಚ್ಕಳೋ ಜನ. ಅವ್ರ ಕಟ್ಟಿಸಿದ ಹಲ್ಲಿನ ಸೆಟ್ಟು ಬಿದ್ದು ಬಿರುಕು ಬಿಟ್ಟಿತ್ತು. ಡಾಕ್ಟ್ರು ರಿಪೇರಿಗೆ ಬೆಂಗ್ಳೂರಿಗೆ ಕಳ್ಸಿದ್ರು.

ಆ ಹೊತ್ತಿಗೆ ಸರಿಯಾಗಿ ಮೊಮ್ಮಗಳ ನಿಶ್ಚಿತಾರ್ಥ ಬಂತು, ಹೊಳಲ್ಕೆರೇಲಿ. ಅವ್ರ ಪೈಕಿಯೊಳಗೆ ಲಗ್ನಪತ್ರಿಕೆ ಎದ್ದು ನಿಂತು ಓದೋದು ಯಾವತ್ತಿದ್ರೂ ಮೇಷ್ಟ್ರೇ. ಹಲ್ಲಿಲ್ದೆ ಬಾಯಿ ತೆಗೆದ್ರೆ ಬರೀ ಗಾಳಿ. ಇವ್ರು ಓದ್ಲಿಲ್ಲ ಅಂದ್ರೆ ಅವ್ರ ಷಡ್ಡಕ ಓದ್ತಾನೆ. ಷಡ್ಡಕ ಓದೋದು ನೋಡೋಕಿಂತ ಜೀವ ಬಿಡೋದು ವಾಸಿ ಅಂತ ಮೇಷ್ಟ್ರು ಸೊರಗಿ ಹೋಗಿದ್ರು.

ಅಮಾಸೆ ದಿನ ಗಂಡ ಹೆಂಡ್ತಿ ಹಲ್ಲು ಬೇಗ ಬರ್ಲಿ ಅಂತ ಹರಕೆ ಹೊತ್ತು ಹಾಲುರಾಮೇಶ್ವರಕ್ಕೆ ಹೋದ್ರು. ಅವತ್ತೇ ಬಂತು. ಬಿಳೀ ಬಟ್ಟೇಲಿ ಹೊಲ್ದು ಕೆಂಪು ಅರಗು ಒತ್ತಿದ ಡಬ್ಬ. ಅಪರೂಪಕ್ಕೆ ನಮ್ಮ ಮೊಪೆಡ್ ಮಹಾರಾಜ ಇಳಿದು, ಹೊಸ್ತಿಲ ಮೇಲೆ ಇಟ್ಟೋದ. ಇಳೀದೇ ಇದ್ದಿದ್ರೇ ಚೆನ್ನಾಗಿತ್ತು.

ಅವ್ರ ಮನೆ ಓನರಮ್ಮ ನೋಡಿದ್ಲು. ಅಮಾಸೆ. ಹೊಸ್ತಿಲು. ಬಿಳೀ ಬಟ್ಟೆ ಮೇಲೆ ಕೆಂಪು ಚುಕ್ಕೆ! ಕೋಲು ತಗಂಡು ತಿವಿದ್ಲು, ಒಳಗೆ ಗಲಗಲ ಅಂತು. ಇನ್ನೊಂದು ತಿವಿದ್ಲು, ಬಟ್ಟೆ ಹರಿದು ಒಂದು ಸಾಲು ಹಲ್ಲು ಕಿಸೀತು.

"ಮಾಟಾ! ಮನುಷ್ಯನ ಮೂಳೆ!"

ಬೀದಿಗೆ ಬೀದೀನೇ ಸೇರ್ತು. ಡಬ್ಬದ ಮೇಲೆ ಹೆಸ್ರು, ವಿಳಾಸ ಎಲ್ಲ ಇತ್ತು. ಬ್ಯಾಂಕಿನ ಸಾಹೇಬ್ರು ಡಿಗ್ರಿ ಮಾಡಿದೋರು, ಅವ್ರೂ ಓದ್ಲಿಲ್ಲ. ಓದಿದ್ರೆ ಓದಿದೋರಿಗೆ ಅಂಟ್ಕಂತೈತಂತೆ! ನಾನು ನಾಕ್ನೇ ಕ್ಲಾಸಿಗೇ ಬಿಟ್ಟೆ, ಒಳ್ಳೇದೇ ಆತು.

ಧರ್ಮಪುರದ ಕಡೆಯಿಂದ ಬಂದು ಬಸ್ ಸ್ಟ್ಯಾಂಡ್ ಹತ್ರ ಇರ್ತಿದ್ದ ಮಾಟ ತೆಗೆಯೋ ತಾತನ್ನ ಕರೆಸಿದ್ರು. ಬಾಯಲ್ಲಿ ಒಂದು ಹಲ್ಲಿಲ್ಲ, ಕೆನ್ನೆ ಎರಡೂ ಒಳಗೋಗಿ ಮುತ್ತು ಕೊಟ್ಕಂಡಿದ್ವು. ಅವ್ನು ಡಬ್ಬದೊಳಗೆ ಇಣುಕಿ, ಕಣ್ಣರಳಿಸಿ, "ಭಾರೀ ಮಾಟ! ಜೋಗಿಮಟ್ಟಿ ಕಾಡಾಗೆ ಹೂಳ್ಬೇಕು. ಒಂದು ಕೋಳಿ ಕೊಡ್ರಿ" ಅಂದ. ಓನರಮ್ಮ ತನ್ನ ಹುಂಜಾನೇ ಹಿಡ್ಕೊಟ್ಲು.

ನಾನು ಹಿರಿಯೂರಿಗೆ ನಾದಿನಿ ಮನೆಗೆ ಹೋಗಿದ್ದೆ. ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. "ಬಿಳೀ ಬಟ್ಟೇಲಿ ಕಟ್ಟಿದ ಯಾವುದೋ ಮೂಳೆ ಕಣಕ್ಕ, ಮೇಷ್ಟ್ರಿಗೆ ಹೇಳ್ಬ್ಯಾಡ, ಹೆದ್ರಿಕಂತಾರೆ" ಅಂದ್ರು.

ಮನೆ ಕೈ ಚಾಚ್ತಾ?

ಹಲ್ಲು ಇನ್ನೂ ಬರ್ಲಿಲ್ಲ ಅಂತ ಕೇಳೋಕೆ ಕೊರಿಯರ್ ಆಫೀಸಿಗೆ ಮೇಷ್ಟ್ರ ಜತೆ ನಾನೂ ಹೋದೆ. ಅವ್ರಿಗೆ ಬಾಯಿರ್ಲಿಲ್ಲ, ನಂದು ಬೇಕಿತ್ತು.

ಮ್ಯಾನೇಜರ್ ತಲೆ ಎತ್ತದೇ ಅಂದ, "ಡೆಲಿವರಿ ಆಗೈತಮ್ಮ."

"ಯಾರಿಗೆ?"

"ಮನೆಗೆ."

"ಮನೆ ಕೈ ಚಾಚಿ ಇಸ್ಕಂತೇನಪ್ಪ?"

"ಬಾಗ್ಲಲ್ಲಿ ಇಟ್ರೆ ಕೊಟ್ಟಂಗೇ ಲೆಕ್ಕ."

"ಹಂಗಾರೆ ನಿನ್ನ ಸಂಬ್ಳಾನೂ ನಿಮ್ ಸಾಹೇಬ್ರು ಬಸ್ ಸ್ಟ್ಯಾಂಡ್ ಕಟ್ಟೆ ಮೇಲೆ ಇಟ್ಟೋಗ್ಲಿ. ಕೊಟ್ಟಂಗೇ ಲೆಕ್ಕ."

ಮೇಷ್ಟ್ರು ಫೂ ಫೂ ಫೂ ಅಂದ್ರು. ನಾನು ಅದನ್ನ ಕನ್ನಡಕ್ಕೆ ತಂದೆ. "ಗ್ರಾಹಕರ ಕೋರ್ಟಿಗೆ ಹೋಗ್ತಾರಂತೆ. ಕೈಗೆ ಕೊಡ್ದೆ ಹೋದ್ರೆ ಜವಾಬ್ದಾರಿ ನಿಂದೇ ಅಂತೆ."

ಮ್ಯಾನೇಜರ್ ನಕ್ಕ. "ಹೋಗ್ರಿ ಹೋಗ್ರಿ. ಬಿಳೀ ಬಟ್ಟೆ, ಕೆಂಪು ಅರಗು, ಹೊಸ್ತಿಲ ಮೇಲೆ ಇಟ್ಟಿದ್ದು ನಮ್ ಹುಡ್ಗನಿಗೆ ಚೆನ್ನಾಗಿ ನೆನಪೈತೆ."

ಬಿಳೀ ಬಟ್ಟೆ ಅಂದ ತಕ್ಷಣ ನಂಗೆ ಹೊಳೀತು. ಇವ್ರು ಮಾಟ ಅಂತ ಮೆರವಣಿಗೆ ಮಾಡಿ ಕಳ್ಸಿದ್ದು ಮೇಷ್ಟ್ರ ಬಾಯಿ!

ಕಟಕಟ

ಎಲ್ಲಿ ಹೂತವ್ನೆ ಅಂತ ತಾತನೇ ಹೇಳ್ಬೇಕು. ಸುಮ್ನೆ ಕರೆದ್ರೆ ಬರಲ್ಲ, ಕೋಳಿ ಅಂದ್ರೆ ಬರ್ತಾನೆ. ನಾನು ಬಿಳೀ ಬಟ್ಟೇಲಿ ಈರುಳ್ಳಿ ಕಟ್ಟಿ, ಕುಂಕುಮ ಚಿಮುಕಿಸಿ, ಮೇಷ್ಟ್ರ ಹೊಸ್ತಿಲ ಮೇಲಿಟ್ಟು, ಓನರಮ್ಮನ್ನ ತಾತನ ಹತ್ರ ಕಳಿಸ್ದೆ. "ಇನ್ನೊಂದು ಮಾಟ ಬಂದೈತೆ ಅನ್ನು."

ಬಂದ. ಬರ್ತಾನೇ ಮಂತ್ರ ಶುರು ಮಾಡ್ದ. ಒಂದೊಂದು ಮಾತಿಗೂ ಕಟಕಟ, ಕಟಕಟ. ಕೆನ್ನೆ ತುಂಬ್ಕಂಡವೆ, ಬಾಯ್ತುಂಬ ಬೆಳ್ಳನೆ ಹಲ್ಲು, ಮದುಮಗನಂಗೆ ಹೊಳೀತಾವ್ನೆ!

ಮೇಷ್ಟ್ರು ಬೆರಳು ತೋರಿಸಿ ಕಿರುಚಿದ್ರು. ಹಲ್ಲಿಲ್ದಿದ್ರೂ ಎಲ್ರಿಗೂ ಅರ್ಥ ಆತು.

"ಲೇ, ಹೂಳ್ತೀನಿ ಅಂದ್ಯಲ್ಲ!" ಅಂದೆ.

"ಭೂಮಿ ತಡ್ಕಳ್ಲಿಲ್ಲ ತಾಯಿ" ಅಂದ, ಕಟಕಟ. "ಅಂಥಾ ಮಾಟ. ಅದಕ್ಕೇ ನನ್ ಬಾಯಾಗೇ ಕಟ್ಟಾಕಿವ್ನಿ. ತೆಗೆದ್ರೆ ನಿಮ್ ಬೀದಿಗೇ ಆಪತ್ತು."

"ಆಪತ್ತು ಬರ್ಲಿ, ತೆಗಿ!"

ತೆಗೆದ. ಕೆನ್ನೆ ಮತ್ತೆ ಒಳಗೋದ್ವು. ಆಗ ಓನರಮ್ಮ ಕೇಳ್ದೆ ಇರ್ತಾಳಾ? "ಹಂಗಾರೆ ನನ್ ಹುಂಜ?"

ತಾತ ಮೇಷ್ಟ್ರ ಕೈಲಿದ್ದ ಹಲ್ಲು ತೋರಿಸ್ದ. "ಅದ್ರಲ್ಲೇ ತಿಂದಿದ್ದು."

ಮೇಷ್ಟ್ರು ಹಲ್ಲನ್ನ ಕೆಂಡ ಹಿಡಿದಂಗೆ ಹಿಡ್ಕಂಡು ನಿಂತ್ರು. ಮೇಷ್ಟ್ರಮ್ಮ ಇಸ್ಕಂಡು ಕುದಿಸಿದ್ರು, ಉಪ್ಪಾಕಿ ಕುದಿಸಿದ್ರು, ಇಬತ್ತಿ ಬಳಿದ್ರು. ಆದ್ರೂ ಮೇಷ್ಟ್ರು ಬಾಯಿ ತೆಗೀವಲ್ರು. ನಾನೇ ಹೇಳ್ದೆ, "ಸರಿ ಬಿಡ್ರಿ ಮೇಷ್ಟ್ರೇ, ನಿಮ್ ಷಡ್ಡಕರು ಓದ್ತಾರೆ."

ಬಾಯಿ ತೆಗೆದ್ರು. ಹಾಕ್ಕಂಡ್ರು. "ತಿಂದಿದ್ದು ಹಲ್ಲು, ನಾನಲ್ಲ" ಅಂದ್ರು, ಅಚ್ಚ ಕನ್ನಡದಾಗೆ.

ಹೊಳಲ್ಕೆರೇಲಿ ಓದಿದ್ರು ನೋಡ್ರಿ, ಮೈಕು ಬೇಕಾಗ್ಲಿಲ್ಲ. ಷಡ್ಡಕನ ಮುಖ ಹುಳಿ ತಿಂದಂಗಾಗಿತ್ತು.

ಕೈಗೇ ಕೊಡ್ರಿ

ಮೇಷ್ಟ್ರು ಅಷ್ಟಕ್ಕೇ ಬಿಡ್ಲಿಲ್ಲ, ಕೋರ್ಟಿಗೆ ಹೋದ್ರು. ಕೊರಿಯರ್ ಕಡೆ ವಕೀಲ ಎದ್ದು, "ಸ್ವಾಮಿ, ಹಲ್ಲು ಸಿಕ್ಕೈತೆ, ಆ ಹಲ್ಲಲ್ಲೇ ಮಾತಾಡ್ತಾ ಅವ್ರೆ. ನಷ್ಟ ಏನಾಗೈತೆ?" ಅಂದ.

"ಸ್ವಾಮಿ, ನಾನು ಹುಟ್ಟಿದಾಗಿಂದ ಮಾಂಸ ಮುಟ್ಟಿಲ್ಲ" ಅಂದ್ರು ಮೇಷ್ಟ್ರು. "ಇವ್ರು ಹೊಸ್ತಿಲ ಮೇಲೆ ಬಿಟ್ಟೋಗಿದ್ದಕ್ಕೆ ನನ್ ಹಲ್ಲು ಕೋಳಿ ತಿಂತು."

ಜಡ್ಜು ಕರವಸ್ತ್ರ ಬಾಯಿಗಿಟ್ಕಂಡು ಬೇಜಾನ್ ಕೆಮ್ಮಿದ್ರು. ಆಮೇಲೆ, ಹೊಸ್ತಿಲಿಗೆ ಕೊಟ್ರೆ ಮನುಷ್ಯನಿಗೆ ಕೊಟ್ಟಂಗಲ್ಲ, ಹೊಸ ಹಲ್ಲು ಕಟ್ಟಿಸಿಕೊಡ್ರಿ ಅಂತ ಆರ್ಡರ್ ಮಾಡಿದ್ರು.

ಹೊಸ ಸೆಟ್ಟನ್ನ ಮ್ಯಾನೇಜರ್ ತಾನೇ ತಂದ. ಮೇಷ್ಟ್ರು ಸ್ನಾನಕ್ಕೆ ಹೋಗಿದ್ರು. ಬರೋಗಂಟ ಬಿಸಿಲಾಗೆ ನಿಂತಿದ್ದು, ಕೈಗೇ ಕೊಟ್ಟೋದ. ನಾನು ಬಾಗ್ಲಲ್ಲಿ ಕುಂತು ಅವರೆಕಾಯಿ ಸುಲೀತಾ ನೋಡ್ದೆ, ಕುಂತ್ಕಳ್ರಿ ಅಂತ ಅನ್ಲಿಲ್ಲ.

ಅವತ್ತೇ ಸಂಜೆ ಮಾಟದ ತಾತ ಬೀದೀಲಿ ಹೋಗ್ತಿದ್ದ. ಕೆನ್ನೆ ತುಂಬಿತ್ತು. ಕಟಕಟ.

"ಏನ್ ಮೇಷ್ಟ್ರೇ, ಹಳೇ ಹಲ್ಲು ಅವನಿಗೇ ಕೊಟ್ರಾ?" ಅಂದೆ.

"ಇನ್ನೇನ್ ಮಾಡ್ಲಿ?" ಅಂದ್ರು ಮೇಷ್ಟ್ರು. "ಕೋಳಿ ರುಚಿ ಕಂಡ ಹಲ್ಲು. ನಮ್ ಮನೆ ಬೇಳೆ ಸಾರಿಗೆ ಒಗ್ತಿರ್ಲಿಲ್ಲ."